ಡ್ರೈವರ್ ಸಿಗವಲ್ದು

ಜನವರಿಯ ನಸುಕಿನಲ್ಲಿ ಬಿದ್ರಿಯ ರಸ್ತೆ ಬದಿ ನಿಂತರೆ ಮೊದಲು ಮೂಗಿಗೆ ಬರುವುದು ಕಬ್ಬಿನ ಹಾಲು ಕುದಿಯುವ ವಾಸನೆ, ಆಮೇಲೆ ಕಿವಿಗೆ ಬೀಳುವುದು ಟ್ರ್ಯಾಕ್ಟರುಗಳ ಹಾಡು. ದೂಧಗಂಗಾ–ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆಯ ಊರು ಇದು. ಹಂಗಾಮು ಶುರುವಾದ ಮೇಲೆ ಇಲ್ಲಿ ರಾತ್ರಿ ಎಂಬುದೇ ಇಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲು ಹಿಡಿದಿರುತ್ತವೆ. ಬೀಡ ಜಿಲ್ಲೆಯಿಂದ ಬಂದ ಕಬ್ಬು ಕಡಿಯುವ ಟೋಳಿಗಳ ಒಲೆ ಹೊಲದಂಚಿಗೆ ಹೊಗೆಯಾಡುತ್ತಿರುತ್ತದೆ. ನಾನು ಮುದಾಳ ತಿಟ್ಟಾಕ್ಕೆ ಹೋಗಿ ನಿಪ್ಪಾಣಿ ಬಸ್ಸು ಹಿಡಿಯಬೇಕಿತ್ತು. ಅದಕ್ಕೂ ಮೊದಲು ಒಂದು ಚಹಾ.

ಪಕ್ಕದ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಅರವತ್ತು ದಾಟಿದವರು, ಮಂಕಿ ಕ್ಯಾಪು, ಜೇಬಿನಲ್ಲಿ ಟೆಸ್ಟರು. ಇನ್ನೊಬ್ಬ ಲ್ಯಾಪ್‌ಟಾಪ್ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡ ಹುಡುಗ. ರಾತ್ರಿಯೆಲ್ಲ ನಿದ್ದೆ ಇಲ್ಲದ ಕಣ್ಣು. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಡ್ರೈವರ್ ಸಿಗವಲ್ದಾಗಿತ್ತ್ರಿ ಸಾಹೇಬ್ರ, ಅದಕ್ಕ ತಡಾ ಆತು." ಚಹಾದವನಿಗೆ ಕನ್ನಡ ಅಷ್ಟಕ್ಕಷ್ಟೆ. ಅವನ ಕಿವಿಗೆ ಬಿದ್ದದ್ದು ಒಂದೇ ಪದ. "ಟ್ರ್ಯಾಕ್ಟರಚಾ ಕಾ? ಆಹೇ ಏಕ ಜಣ," ಎಂದು ಆಚೆ ಮಲಗಿದ್ದವನೊಬ್ಬನನ್ನು ತೋರಿಸಿದ. ಇಬ್ಬರೂ ನಕ್ಕರು, ಹಿರಿಯರು ತುಸು ಹೆಚ್ಚೇ ನಕ್ಕರು.

ಅವರು ರಾತ್ರಿ ಕಳೆದದ್ದು ಇಲ್ಲಿಯ ಕಾರ್ಖಾನೆಯಲ್ಲಲ್ಲ, ಇದೇ ಸೀಮೆಯ ಬೇರೊಂದರಲ್ಲಿ, ಹೆಸರು ಬೇಡ. ಮಾತು ನಡೆದಂತೆ ಬರೆದಿದ್ದೇನೆ.

ಹಿರಿಯರು: ನೋಡಪಾ, ಚಹಾದಂವಗೂ ತಿಳೀತೈತಿ, ಡ್ರೈವರ್ ಅಂದ್ರ ಮನಷ್ಯಾ. ಕರದ್ರ ಬರ್ತಾನ, ಬರಲಿಲ್ಲಂದ್ರ ಬೈಬಹುದು. ನಿನ್ನ ಡ್ರೈವರಗ ಬೈಯಾಕೂ ಬರಂಗಿಲ್ಲ.

ಹುಡುಗ: ನಗ್ರಿ ಕಾಕಾ, ನಗ್ರಿ. ಐದು ಮಿನಿಟಿನ ಕೆಲಸಕ್ಕ ಆರು ತಾಸು. ಸೆನ್ಸರ್ ವೈರ್ ಎಲ್ಲೋ ತಾಗಿ ಪಿಎಲ್‌ಸಿದು ಒಂದು ಇನ್‌ಪುಟ್ ಪಾಯಿಂಟ್ ಸುಟ್ಟಿತ್ತು. ವೈರ್ ಬಿಚ್ಚಿ ಖಾಲಿ ಇದ್ದ ಪಾಯಿಂಟಿಗೆ ಹಾಕೂದು, ಪ್ರೋಗ್ರಾಮಿನ್ಯಾಗ ಎಕ್ಸ್ 5 ಇದ್ದಲ್ಲೆ ಎಕ್ಸ್ 12 ಅಂತ ತಿದ್ದೂದು. ಅಷ್ಟ.

ಹಿರಿಯರು: ಮೊದಲ ಎಕ್ಸ್ 9 ಹುಡುಕಾಕ ಹತ್ತಿದ್ದಿ.

ಹುಡುಗ: ಅದನ್ನ ಎಲ್ಲಾರ ಮುಂದ ಹೇಳಬ್ಯಾಡ್ರಿ.

ಹಿರಿಯರು: ಆ ಜಪಾನಿ ಲೆಕ್ಕದಾಗ ಏಳರ ಮುಂದ ಹತ್ತು. ಎಂಟು ಒಂಬತ್ತು ಇಲ್ಲಾ ಇಲ್ಲ. ನಾನೂ ಮೊದಲನೇ ಸರ್ತಿ ಟಾರ್ಚ್ ಹಿಡದು ಹುಡುಕಿದಂವನ.

(ಓದುಗರಿಗೆ ಒಂದು ಮಾತು. ಅವರು ಹೇಳುತ್ತಿದ್ದುದು ಸೆಂಟ್ರಿಫ್ಯುಗಲ್ ಯಂತ್ರದ ಕತೆ. ಪಾಕ ಗಟ್ಟಿಯಾಗಿ ಹರಳು ಕಟ್ಟಿದ ಮೇಲೆ ಅದನ್ನು ತೂತುಗಳಿರುವ ದೊಡ್ಡ ಬುಟ್ಟಿಗೆ ಬಿಟ್ಟು ಗರಗರ ತಿರುಗಿಸುತ್ತಾರೆ. ಕಾಕಂಬಿ ಹೊರಗೆ ಸಿಡಿದು ಹೋಗುತ್ತದೆ, ಸಕ್ಕರೆ ಒಳಗೆ ಉಳಿಯುತ್ತದೆ. ಎಷ್ಟು ಹೊತ್ತು ತಿರುಗಬೇಕು, ಯಾವಾಗ ನೀರು ಚಿಮ್ಮಬೇಕು, ಯಾವಾಗ ಕೆರೆದು ಕೆಳಗೆ ಬೀಳಿಸಬೇಕು ಎಂಬುದನ್ನೆಲ್ಲ ಇಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆಯೊಂದು ನೋಡಿಕೊಳ್ಳುತ್ತದೆ. ಅದೇ ಪಿಎಲ್‌ಸಿ. ಅದರ ಜೊತೆ ಮಾತಾಡಲು ಲ್ಯಾಪ್‌ಟಾಪಿಗೆ ಒಂದು ಕೇಬಲ್ ಬೇಕು, ಆ ಕೇಬಲ್ಲನ್ನು ಲ್ಯಾಪ್‌ಟಾಪು ಗುರುತು ಹಿಡಿಯಲು ಡ್ರೈವರ್ ಎಂಬ ತಂತ್ರಾಂಶ ಬೇಕು. ಒಂದು ಸೆಂಟ್ರಿಫ್ಯುಗಲ್ ನಿಂತರೆ ಹಿಂದಿನ ಪ್ಯಾನುಗಳು ತುಂಬಿಕೊಳ್ಳುತ್ತವೆ, ಅದರ ಬಿಸಿ ಕೊನೆಗೆ ಗೇಟಿನ ಹೊರಗೆ ನಿಂತ ಟ್ರ್ಯಾಕ್ಟರಿಗೂ ತಟ್ಟುತ್ತದೆ. ಕಡಿದ ಕಬ್ಬು ತಾಸು ತಾಸಿಗೂ ಸಕ್ಕರೆ ಕಳೆದುಕೊಳ್ಳುತ್ತದೆ. ಡ್ರೈವರ್ ಸಿಗಲಿ ಎಂದು ಅದು ಕಾಯುವುದಿಲ್ಲ.)

ಹಿರಿಯರು: ನನಗ ಒಂದು ಹೇಳು. ಹತ್ತು ಗಂಟೇಕ ನೀ ಬಂದಿ. ಮೂರಕ್ಕ ನನ್ನ ಎಬ್ಬಿಸಿದ್ರು. ಈ ಐದು ತಾಸು ಏನು ಮಾಡಿದಿ?

ಹುಡುಗ: ಕೇಬಲ್ ಚುಚ್ಚಿದೆ, ಹಳದಿ ತ್ರಿಕೋನ ಬಂತು. ಕೋಡ್ 10, ಈ ಸಾಧನ ಶುರು ಆಗಂಗಿಲ್ಲ ಅಂತ. ಒಳಗಿನ ಚಿಪ್ ತನ್ನ ಹೆಸರು ಪ್ರೊಲಿಫಿಕ್ ಅಂತ ಹೇಳ್ತಿತ್ತು. ಹಾಟ್‌ಸ್ಪಾಟ್ ಹಚ್ಚಿ ಹೊಸಾ ಡ್ರೈವರ್ ಇಳಿಸಿದೆ, ಮತ್ತ ಅದ. ಇನ್ನೂ ಹೊಸಾದು ಇಳಿಸಿದೆ, ಮತ್ತ ಅದ. ಪ್ಯಾನೆಲ್ ರೂಮಿನ್ಯಾಗ ನೆಟ್‌ವರ್ಕ್ ಒಂದು ಕಡ್ಡಿ. ಫೋನ್ ಹಿಡಕೊಂಡು ಮೆಟ್ಟಲಾ ಹತ್ತೂದು, ಇಳಿಯೂದು.

ಹಿರಿಯರು: ಕಾಲು ನೋಯ್ತಾವ, ಕೆಲಸಾ ಮಾಡಿದಂಗ ಅನಸ್ತೈತಿ.

ಹುಡುಗ: ಆಮ್ಯಾಲ ಹೊಳೀತು. ಹೊಸಾದಕ್ಕ ಹೋಗೂದ ತಪ್ಪು, ಹಿಂದಕ್ಕ ಹೋಗಬೇಕು. 2008ರ ಡ್ರೈವರ್ ಇತ್ತು ನನ್ನ ಹಳೇ ಫೋಲ್ಡರಿನ್ಯಾಗ. ಅದನ್ನ ಹಾಕಿ, ಡಿವೈಸ್ ಮ್ಯಾನೇಜರಿನ್ಯಾಗ 'ತಾನ ಹುಡುಕು' ಅನ್ನೂದು ಬಿಟ್ಟು, ಪಟ್ಟಿ ತಗದು ಕೈಯಾರೆ ಆರಿಸಿದೆ. ತ್ರಿಕೋನ ಹೋತು.

ಹಿರಿಯರು: ಹೋತಲ್ಲ. ಮತ್ತ ನನ್ನ ಯಾಕ ಎಬ್ಬಿಸಿದ್ರಿ?

ಹುಡುಗ: ತ್ರಿಕೋನ ಹೋತು, ಕಾಮ್ 17 ಬಂತು. ಆ ಹಳೇ ಸಾಫ್ಟ್‌ವೇರಿಗೆ ಅಷ್ಟು ದೊಡ್ಡ ಅಂಕಿ ಕಾಣೂದಿಲ್ಲ. ಸಣ್ಣ ನಂಬರ್ ಕೊಡೂಣು ಅಂದ್ರ ಎಲ್ಲಾದಕ್ಕೂ 'ಬಳಕೆಯಲ್ಲಿದೆ' ಅಂತೈತಿ.

ಹಿರಿಯರು: ಯಾರು ಬಳಸಾಕತ್ತಿದ್ರು?

ಹುಡುಗ: ಯಾರೂ ಇಲ್ಲ. ಸತ್ತ ಪೋರ್ಟುಗಳು. ಈ ಚಿಪ್ಪಿನ್ಯಾಗ ತನ್ನದ ಅಂತ ಸೀರಿಯಲ್ ನಂಬರ್ ಇರಂಗಿಲ್ಲ. ಅದಕ್ಕ ಒಂದು ಯುಎಸ್‌ಬಿ ತೂತಿನಿಂದ ತಗದು ಇನ್ನೊಂದಕ್ಕ ಹಾಕಿದ್ರ ವಿಂಡೋಸ್ ಅದನ್ನ ಬ್ಯಾರೆ ಕೇಬಲ್ ಅಂತ ತಿಳದು ಹೊಸಾ ನಂಬರ್ ಕೊಡ್ತೈತಿ. ಹಳೇದು ಬಿಡಂಗಿಲ್ಲ. ಎರಡು ವರ್ಷದಾಗ ನಾ ಎಲ್ಲೆಲ್ಲೆ ಚುಚ್ಚೀನಿ ಅಲ್ಲೆಲ್ಲಾ ಒಂದೊಂದು ಭೂತ ಕೂತಿತ್ತು. ಅಡಗಿದ್ದವನ್ನ ತೋರಸು ಅಂತ ಹೇಳಿ, ಒಂದೊಂದ ಅಳಸಿ, ಕಾಮ್ 3 ಖಾಲಿ ಮಾಡಿದೆ.

ಹಿರಿಯರು: ಅದಕ್ಕ ನಾ ನನ್ನ ಲ್ಯಾಪ್‌ಟಾಪಿನ ಎಡಗಡೆ ತೂತಿಗೆ ಕೆಂಪು ನೇಲ್ ಪಾಲಿಶ್ ಹಚ್ಚೀನಿ. ಕೇಬಲ್ಲಿಗೂ ಅದ. ಕೆಂಪಿಗೆ ಕೆಂಪು. ನಮ್ಮ ಸೊಸಿ ಬೈದ್ಲು, ಬಾಟ್ಲಿ ಖಾಲಿ ಮಾಡಿದ್ರಿ ಅಂತ. ಆದ್ರ ಹನ್ನೆರಡು ವರ್ಷಾತು, ನನ್ನ ಕಾಮ್ 3 ಅಲ್ಲಾಡಿಲ್ಲ.

ಹುಡುಗ: ಅದು ಖರೇ ಶಾಣ್ಯಾತನ, ಒಪ್ಪತೀನಿ. ಆದ್ರ ಆ ಲ್ಯಾಪ್‌ಟಾಪ್ ನೋಡ್ರಿ ಕಾಕಾ. ಎಕ್ಸ್‌ಪಿ. 2014ರ ಏಪ್ರಿಲ್ 8ಕ್ಕ ಅದರ ಬೆಂಬಲ ಮುಗೀತು. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತೈತಿ. ಅದು ಒಂದಿನ ಎದ್ದೇಳಲಿಲ್ಲಂದ್ರ ಈ ಸೀಮಿಯಾಗಿನ ಎಷ್ಟು ಮಷಿನ್ ಅನಾಥ ಆಗ್ತಾವ?

ಹಿರಿಯರು: ಅದಕ್ಕ ಖರೇ ಸೀರಿಯಲ್ ಪೋರ್ಟೂ ಐತಿ, ಒಂಬತ್ತು ಪಿನ್ನಿಂದು. ಅಲ್ಲೆ ಹಚ್ಚಿದ್ರ ಯುಎಸ್‌ಬಿ ಇಲ್ಲ, ಡ್ರೈವರ್ ಇಲ್ಲ, ಭೂತ ಇಲ್ಲ. ಆ ಪದ್ಧತಿ 1960ರ ಸುಮಾರಿನ್ಯಾಗ ಬಂತು, ಯುಎಸ್‌ಬಿ ಬಂದದ್ದು 1996ಕ್ಕ. ಮಧ್ಯದ ಆ ಮೂವತ್ತೈದು ವರ್ಷ ಮಂದಿ ಸ್ಕ್ರೂ ತಿರುವಿ ಕೇಬಲ್ ಹಚ್ಚಿ ನೆಟ್ಟಗ ಮಾತಾಡ್ತಿದ್ರು. ನಿಮ್ಮ ಕಾಲಕ್ಕ ನಡುವ ಒಬ್ಬ ದುಭಾಷಿ ಬಂದು ಕೂತ. ಮಷಿನ್ ಹಳೇ ಭಾಷಾ, ಲ್ಯಾಪ್‌ಟಾಪ್ ಹೊಸಾ ಭಾಷಾ, ಇಂವ ನಡುವ. ಗಡಹಿಂಗ್ಲಜ ಕೋರ್ಟಿನ್ಯಾಗ ನಮ್ಮಪ್ಪನ ಜಮೀನಿನ ಕೇಸ್ ನಡದಾಗ ಹಿಂಗ ಆಗಿತ್ತು. ನಮ್ಮಪ್ಪ ಕನ್ನಡದಾಗ ಹತ್ತು ಮಾತಾಡಿದ್ರ ಅಂವ ಮರಾಠಿಯಾಗ ಎರಡ ಹೇಳತಿದ್ದ. ಉಳಿದ ಎಂಟು ಎಲ್ಲಿ ಹೋದವೋ ಏನೋ.

ಹುಡುಗ: ದುಭಾಷಿ ಬ್ಯಾಡ ಅಂದ್ರ ಇಬ್ಬರೂ ಒಂದ ಭಾಷಾ ಕಲೀಬೇಕು. ಯಾರು ಕಲೀತಾರ? ಮಷಿನ್ ಇಪ್ಪತ್ತೈದು ವರ್ಷ ಬಾಳ್ತೈತಿ, ಲ್ಯಾಪ್‌ಟಾಪ್ ಐದು. ಒಂದು ಮಷಿನ್ನಿನ ಆಯುಷ್ಯದಾಗ ಐದು ಲ್ಯಾಪ್‌ಟಾಪ್ ಬಂದು ಹೋಗ್ತಾವ. ಅಂಗಡ್ಯಾಗ ಹೋಗಿ ಒಂಬತ್ತು ಪಿನ್ನಿನ ಪೋರ್ಟ್ ಇರೋ ಲ್ಯಾಪ್‌ಟಾಪ್ ಕೊಡ್ರಿ ಅಂದ್ರ ನಗ್ತಾರ.

ಹಿರಿಯರು: ನಗಲಿ.

ಇಲ್ಲಿ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಾದರು. ಚಹಾದವನು ಕೇಳದೆಯೇ ಇನ್ನೆರಡು ಕಟ್ ಚಹಾ ತಂದಿಟ್ಟ. ಹುಡುಗ ಚೀಲದಿಂದ ಕೇಬಲ್ ತೆಗೆದು ಮೇಜಿನ ಮೇಲೆ ಇಟ್ಟ: ಒಂದು ತುದಿ ಎಲ್ಲರಿಗೂ ಗೊತ್ತಿರುವ ಚಪ್ಪಟೆ ಯುಎಸ್‌ಬಿ, ಇನ್ನೊಂದು ತುದಿ ಎಂಟು ಸೂಜಿಗಳ ಗುಂಡನೆಯ ಮೂತಿ. ನಡುವೆ ಕಪ್ಪು ಪ್ಲಾಸ್ಟಿಕ್ ಗಂಟು. ಗಂಟಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಒಂದು ದೊಡ್ಡ ಕಂಪನಿಯ ಹೆಸರಿತ್ತು, ಸ್ಪೆಲ್ಲಿಂಗ್ ತಪ್ಪಿತ್ತು.

ಹಿರಿಯರು: ಎಷ್ಟು ಕೊಟ್ಟಿ ಇದಕ್ಕ?

ಹುಡುಗ: ಎಂಟನೂರು. ಅಸಲಿ ಕೇಬಲ್ ಇದರ ಎಷ್ಟೋ ಪಟ್ಟು ಆಗ್ತೈತಿ. ಮಾಲಕರಿಗೆ ಕೇಳಿದ್ರ 'ಎರಡೂ ಕೇಬಲ್ಲ ಅಲ್ಲೇನೋ' ಅಂತಾರ.

ಹಿರಿಯರು: ತಪ್ಪು ನಿನ್ನದ ಅಂತ ಆತು. ನಕಲಿ ತಗೊಂಡಿ, ಕೈ ಕೊಟ್ಟಿತು.

ಹುಡುಗ: ನಕಲಿ ಮಾಲು ತಗೊಂಡದ್ದು ತಪ್ಪು. ಆದ್ರ ಶಿಕ್ಷಾ ಕೊಡೂ ರೀತಿ ಕೇಳ್ರಿ. 2014ರ ಅಕ್ಟೋಬರಿನ್ಯಾಗ ಏನಾತು ಗೊತ್ತೇನು? ಸ್ಕಾಟ್ಲೆಂಡಿನ ಗ್ಲಾಸ್ಗೋದಾಗ ಎಫ್‌ಟಿಡಿಐ ಅಂತ ಕಂಪನಿ ಐತಿ, ಇಂಥಾ ಚಿಪ್ ಮಾಡೂದು. ಅವರ ಚಿಪ್ಪಿನ ನಕಲು ಜಗತ್ತಿನ ತುಂಬ. ಅವರು ಒಂದು ಹೊಸಾ ಡ್ರೈವರ್ ಬಿಟ್ರು. ಅದು ವಿಂಡೋಸ್ ಅಪ್‌ಡೇಟಿನ ಜೋಡಿ ತಾನ ಮನಿಮನಿಗೆ ಹೋತು. ನಕಲಿ ಚಿಪ್ ಕಂಡ್ರ ಅದರ ಗುರುತಿನ ನಂಬರ್ ಅಳಸಿ ಸೊನ್ನಿ ಬರೀತಿತ್ತು. ಕಂಪ್ಯೂಟರಿನ್ಯಾಗ ಅಲ್ರಿ, ಕೇಬಲ್ಲಿನ ಒಳಗ. ಆಮ್ಯಾಲ ಆ ಕೇಬಲ್ಲನ್ನ ಯಾವ ಕಂಪ್ಯೂಟರಿಗೆ ಹಾಕಿದ್ರೂ ಅದು ಯಾರೂ ಅಲ್ಲ. ವೈರ್ ಚಲೋ, ಬೆಸುಗಿ ಚಲೋ, ಹೆಸರ ಇಲ್ಲ.

ಹಿರಿಯರು: ಏ, ಇದು ಅನ್ಯಾಯ. ಕಳುವು ಮಾಡಿದಂವ ಎಲ್ಲೋ ದೂರ ಕುಂತಾನ. ಪೆಟ್ಟು ಬಿದ್ದದ್ದು ರಾತ್ರಿ ಪಾಳಿ ಫಿಟ್ಟರಗ.

ಹುಡುಗ: ಹಂಗ ಅಂತ ಭಾಳ ಮಂದಿ ಕೂಗಾಡಿದ್ರು. ಕೆಲವ ದಿನದಾಗ ಆ ಡ್ರೈವರ್ ಹಿಂದಕ್ಕ ತಗೊಂಡ್ರು. 2016ಕ್ಕ ಇನ್ನೊಂದು ಬಂತು. ಅದು ಕೊಲ್ಲತಿರಲಿಲ್ಲ, ನೀವು ಓದೂ ಡೇಟಾದ ನಡುವ 'ನಾನ್ ಜೆನ್ಯೂಯಿನ್ ಡಿವೈಸ್ ಫೌಂಡ್' ಅನ್ನೂ ಸಾಲು ತುರುಕತಿತ್ತು. ಮಷಿನ್ನಿಗೆ ಟೆಂಪರೇಚರ್ ಕೇಳಿದ್ರ ಅದು ನಿನ್ನ ಕೇಬಲ್ ಖೊಟ್ಟಿ ಅಂದಂಗ.

ಹಿರಿಯರು: ಊಟಕ್ಕ ಕುಂತಾಗ ತಟ್ಟಿಯೊಳಗ ಚೀಟಿ ಹಾಕಿದಂಗ.

ಹುಡುಗ: ಆದ್ರ ಅವರ ಬಾಜೂನೂ ಐತಿ ಕಾಕಾ. ಡ್ರೈವರ್ ಬರಿಯಾಕ ರೊಕ್ಕಾ ಹಾಕಿದಂವ ಅಂವ. ನಕಲಿ ಮಾಡಿದಂವ ಚಿಪ್ ಅಷ್ಟ ನಕಲು ಹೊಡದು, ಡ್ರೈವರಿಗೆ ಇವರ ಮ್ಯಾಲ ಬಿಟ್ಟ. ನಕಲಿ ಕೈ ಕೊಟ್ಟಾಗ ಹೆಸರು ಕೆಡೂದು ಅಸಲಿಯಂವಂದು.

ಹಿರಿಯರು: ಅದಕ್ಕ 'ನಾ ಇದನ್ನ ನಡಸಂಗಿಲ್ಲ' ಅಂದು ಸುಮ್ನ ಇರಬೇಕು. ಮುರೀಬಾರದು. ನಡಸಂಗಿಲ್ಲ ಅನ್ನೂದು ಬ್ಯಾರೆ, ಮುರಿಯೂದು ಬ್ಯಾರೆ.

ಹುಡುಗ: ನಡಸಂಗಿಲ್ಲ ಅನ್ನೂದನ್ನ ಪ್ರೊಲಿಫಿಕ್ ಮಾಡ್ಯಾರ. ಅದ ಕೋಡ್ 10. ನಕಲಿ ಚಿಪ್ಪಿಗೆ ಹೊಸಾ ಡ್ರೈವರ್ ಕೆಲಸ ಮಾಡಂಗಿಲ್ಲ. ಅಷ್ಟ ಅಲ್ಲ, ಅವರದ ಹಳೇ ಅಸಲಿ ಚಿಪ್ಪಿಗೂ ಮಾಡಂಗಿಲ್ಲ. '2012ರಿಂದ ನಿಲ್ಲಿಸಲಾಗಿದೆ, ಮಾರಿದವರನ್ನ ಕೇಳಿ' ಅಂತ ಡಿವೈಸ್ ಮ್ಯಾನೇಜರಿನ್ಯಾಗ ಇಂಗ್ಲಿಷಿನ್ಯಾಗ ಬರ್ತೈತಿ.

ಹಿರಿಯರು: ತಡಿ ತಡಿ. ಅಸಲಿಗೂ?

ಹುಡುಗ: ಹಳೇದಾದ್ರ ಅಸಲಿಗೂ.

ಹಿರಿಯರು: ಅಂದ್ರ ಖೊಟ್ಟಿ ನಾಣ್ಯಾ, ಹಳೇ ನಾಣ್ಯಾ ಎರಡೂ ಒಂದ. ಇಲ್ಲೆ ನಿನ್ನ ಮಾತು ಸೋತಿತು ತಮ್ಮಾ. ಅಸಲಿ ತಗೋರಿ ಅಂತ ಮಾಲಕಗ ಯಾವ ಬಾಯಲೆ ಹೇಳ್ತಿ? ಇವತ್ತಿನ ಅಸಲಿ ಹತ್ತು ವರ್ಷಕ್ಕ ಅವರ ಮನಿ ಮುಂದ ನಿಂತ್ರ ಅವರ ಗುರುತು ಹಿಡಿಯಂಗಿಲ್ಲ.

ಹುಡುಗ ಇದಕ್ಕೆ ಉತ್ತರ ಕೊಡಲಿಲ್ಲ. ನನಗಂತೂ ಆ ಮಾತು ನಾಟಿತು. ನಮ್ಮ ಮನೆಯಲ್ಲೊಂದು ಪ್ರಿಂಟರ್ ಇದೆ. ಯಂತ್ರ ಗಟ್ಟಿಮುಟ್ಟಾಗಿದೆ, ಮಾತಾಡಿಸುವವರಿಲ್ಲ.

ಹಿರಿಯರು: ನಮ್ಮಪ್ಪ ಹೊಲ ಬಿಟ್ಟು ಇಚಲಕರಂಜಿಗೆ ಹೋಗಿ ಜಾಬರ್ ಆದಂವ. ಪವರ್‌ಲೂಮ್ ಆ ಊರಿಗೆ 1904ಕ್ಕ ಬಂತು, ವಿಠ್ಠಲರಾವ ದಾತಾರ ಅಂಬಾವರು ತಂದ್ರು. ನಮ್ಮಪ್ಪನ ಕಾಲಕ್ಕ ಊರಾಗ ಹಾಡಹಗಲ ಮಾತು ಕೇಳತಿರಲಿಲ್ಲ, ಅಷ್ಟು ಖಟಾಖಟ್. ಆ ಸಪ್ಪಳದಾಗ ಯಾವ ಮಗ್ಗದ ಲಾಳಿ ತಡಾ ಮಾಡಿ ಹೊಡ್ಯಾಕತ್ತೈತಿ ಅಂತ ಅಂವ ಕಿವಿಲೆ ಹೇಳತಿದ್ದ. ಗಿಯರ್ ಮುರದ್ರ ಕೊಲ್ಹಾಪುರದ ಉದ್ಯಮನಗರಕ್ಕ ಒಯ್ಯತಿದ್ದ. ಹಳೇದನ್ನ ತೋರಿಸಿದ್ರ ಸಂಜೀಕ ಹೊಸಾದು ಕೈಯಾಗ. ಈಗ ಹೇಳು, ನಿನ್ನ ಡ್ರೈವರ್ ಮುರದ್ರ ಉದ್ಯಮನಗರದಾಗ ಯಾವ ಲೇಥ್ ಮ್ಯಾಲ ಮಾಡಸ್ತಿ?

ಹುಡುಗ: ಒಂದು ಕಡೆ ಮಾಡತಾರ್ರಿ. ಲಿನಕ್ಸ್ ಅಂತ ಐತಿ. ಅದರಾಗ ಈ ಎಲ್ಲಾ ಚಿಪ್ಪಿನ ಡ್ರೈವರ್ ಬಿಚ್ಚಿಟ್ಟಾರ, ಯಾರರೆ ಓದಬಹುದು, ತಿದ್ದಬಹುದು. ಸೊನ್ನಿ ಬರದು ಕೊಂದಿದ್ರಲ್ಲ ಆ ಕೇಬಲ್, ಅದನ್ನ ಸೊನ್ನಿ ಸಹಿತ ಗುರುತು ಹಿಡಿಯೂ ಹಂಗ ಅದ ತಿಂಗಳ ಒಂದು ಸಾಲು ಸೇರಿಸಿದ್ರು. ಹಳೇದು, ನಕಲಿ ಅನ್ನಂಗಿಲ್ಲ, ಚುಚ್ಚಿದ್ರ ನಡೀತೈತಿ.

ಹಿರಿಯರು: ಮತ್ತ ಅದನ್ನ ಯಾಕ ಹಾಕಲಿಲ್ಲ?

ಹುಡುಗ: ಕೇಬಲ್ ಎದ್ದೇಳ್ತೈತಿ. ಪ್ರೋಗ್ರಾಮ್ ತಿದ್ದೂ ಸಾಫ್ಟ್‌ವೇರ್ ವಿಂಡೋಸ್‌ದಾಗ ಅಷ್ಟ ನಡೀತೈತಿ.

ಹಿರಿಯರು: ಬಾಗಿಲಾ ತಗೀತು, ಒಳಗ ಮನೀನ ಇಲ್ಲ.

ಹುಡುಗ: ಅದಕ್ಕ ನಾ ಹೇಳೂದು, ಮಷಿನ್ನಿನ ಪಿಎಲ್‌ಸಿನ ಬದಲು ಮಾಡಬೇಕು. ಸೀಮೆನ್ಸ್‌ನವರು 2009ಕ್ಕ ಎಸ್7-1200 ತಂದ್ರು, ಅದಕ್ಕ ಇಥರ್ನೆಟ್ ಪೋರ್ಟ್ ಮೊದಲಿನಿಂದ ಐತಿ. ಮನಿಯಾಗಿನ ವೈಫೈ ಡಬ್ಬಿಗೆ ಹಚ್ಚೂ ವೈರ ಅಲ್ಲೂ ನಡೀತೈತಿ. ಚಿಪ್ ಇಲ್ಲ, ಕಾಮ್ ನಂಬರ್ ಇಲ್ಲ.

ಹಿರಿಯರು: ಹಂಗಾಮಿನ ನಡುವ ಪ್ಯಾನೆಲ್ ಬಿಚ್ಚಿಸ್ತಿ?

ಹುಡುಗ: ಮಳಿಗಾಲದಾಗ, ಓವರ್‌ಹಾಲಿಂಗ್ ಹೊತ್ತಿಗೆ.

ಹಿರಿಯರು: ಆತು. ಇಥರ್ನೆಟ್ ಬಂತು. ಅದರ ಸಾಫ್ಟ್‌ವೇರ್ ಈ ವರ್ಷದ್ದು ಒಂದು, ಮುಂದಿನ ವರ್ಷದ್ದು ಇನ್ನೊಂದು. ಹೊಸಾದರಾಗ ಸೇವ್ ಮಾಡಿದ್ದು ಹಳೇದರಾಗ ತಗಿಯಂಗಿಲ್ಲ, ಹೌದಲ್ಲೋ? ಲೈಸನ್ಸ್ ಬ್ಯಾರೆ. ಐಪಿ ನಂಬರ್ ಯಾರೋ ಬದಲು ಮಾಡಿ ಹೋಗಿರ್ತಾರ, ನೀ ರಾತ್ರಿ ಪೂರ್ತಿ ಅದನ್ನ ಹುಡುಕ್ತಿ. ಹುಣ್ಣು ಕಾಲಿನಿಂದ ಕೈಗೆ ಬಂತು.

ಹುಡುಗ: (ನಕ್ಕು) ಕೈಗೆ ಬಂದ್ರ ಮುಲಾಮಾ ಹಚ್ಚಾಕರೆ ಸಸಾರ.

ಬೀದಿಯಲ್ಲೊಂದು ಟ್ರ್ಯಾಕ್ಟರು ಗೇರು ಬದಲಿಸುವಾಗ ಟ್ರೇಲರಿನ ಮೇಲಿಂದ ಒಂದು ಹೊರೆ ಕಬ್ಬು ಜಾರಿ ಬಿತ್ತು. ಎಲ್ಲಿದ್ದರೋ, ಮೂರು ಹುಡುಗರು ಓಡಿಬಂದು ತಲಾ ಎರಡು ಗಳ ಎಳೆದುಕೊಂಡು ಮಾಯವಾದರು. ಚಹಾದವನು ಬೈದಂತೆ ಮಾಡಿದ.

ಹುಡುಗ: ನಿಮಗ ಸಿಟ್ಟು ಬರಬಾರದು, ಒಂದು ಕೇಳ್ತೀನಿ. ಡ್ರೈವರಿಗೆ ಸಹಿ ಇಲ್ಲ ಅಂತ ಕೋಡ್ 52 ಬಂದಾಗ ನೀವು 'ಆ ಸಹಿ ನೋಡೂ ಕಾರಭಾರನ ಬಂದ್ ಮಾಡು' ಅಂದ್ರಿ. ಮೂರು ವರ್ಷದ ಹಿಂದ, ಇಚಲಕರಂಜಿಯ ಸೈಜಿಂಗಿನ್ಯಾಗ. ನೆನಪೈತಿ?

ಹಿರಿಯರು: ಐತಿ. ಮಷಿನ್ ಚಾಲೂ ಆತಲ್ಲ?

ಹುಡುಗ: ಆತು. ಆದ್ರ ಆ ಸಹಿ ನೋಡೂದನ್ನ ಮತ್ತ ಯಾರೂ ಚಾಲೂ ಮಾಡಲಿಲ್ಲ. ಯಾವನ ಡ್ರೈವರ್ ಬಂದ್ರೂ ಒಳಗ ಬಿಡೂ ಹಂಗ ಕುಂತೈತಿ ಆ ಕಂಪ್ಯೂಟರ್. 2010ಕ್ಕ ಸ್ಟಕ್ಸ್‌ನೆಟ್ ಅಂತ ಒಂದು ಸಿಕ್ಕಿತು. ಪೆನ್‌ಡ್ರೈವಿನಿಂದ ಹಬ್ಬೂದು, ಸೀಮೆನ್ಸ್ ಸ್ಟೆಪ್ 7 ಇರೋ ಕಂಪ್ಯೂಟರ್ ಹುಡುಕೂದು, ಪಿಎಲ್‌ಸಿ ಒಳಗ ತನ್ನ ಕೋಡ್ ಇಡೂದು. ಅದರ ಗುರಿ ಇರಾನಿನ ನತಾಂಜದಾಗ ಯುರೇನಿಯಂ ತಿರಗಸೂ ಸೆಂಟ್ರಿಫ್ಯುಗಲ್. ನಮ್ಮದು ಸಕ್ಕರಿದು, ಅವರದು ಅದು. ಸ್ಪೀಡ್ ಏರಿಳಿಸಿ ಕೆಡಸೂದು, ಮ್ಯಾಲ ಪರದೆ ಮ್ಯಾಲ ಎಲ್ಲಾ ಸರಿ ಐತಿ ಅಂತ ತೋರಸೂದು.

ಹಿರಿಯರು: ಅದಕ್ಕ ಸಹಿ ಇರಲಿಲ್ಲೇನು?

ಹುಡುಗ: (ತಡೆದು) ಇತ್ತು. ತೈವಾನಿನ ಎರಡು ಕಂಪನಿ, ರಿಯಲ್‌ಟೆಕ್ ಮತ್ತ ಜೆಮೈಕ್ರಾನ್, ಅವರ ಸಹಿ ಕದ್ದು ಹಾಕಿದ್ರು.

ಹಿರಿಯರು: ನೋಡು. ಕಳ್ಳಗ ಸಹಿ ಸಿಕ್ಕಿತು. ಸಾವಕಾರನ ಫಿಟ್ಟರಗ ಸಿಗಲಿಲ್ಲ.

ಹುಡುಗ: ಕಳ್ಳ ಬೀಗ ಒಡೀತಾನ ಅಂತ ನೀವು ಬಾಗಿಲಾನ ಕಿತ್ತಿಡ್ತೀರೇನು?

ಹಿರಿಯರು: ನನ್ನ ಲ್ಯಾಪ್‌ಟಾಪಿಗೆ ಇಂಟರ್ನೆಟ್ಟ ಇಲ್ಲ. ಬಾಗಿಲಾನ ಇಲ್ಲದ ಮನಿ, ಗ್ವಾಡಿ ಅಷ್ಟ.

ಹುಡುಗ: ಪೆನ್‌ಡ್ರೈವ್? ಪ್ರಿಂಟ್ ಹಾಕಸಾಕ ಝೆರಾಕ್ಸ್ ಅಂಗಡಿಗೆ ಒಯ್ದು, ತಿರುಗಿ ಅದಕ್ಕ ಚುಚ್ಚಂಗಿಲ್ಲ ನೀವು? ಸ್ಟಕ್ಸ್‌ನೆಟ್ಟಿಗೂ ಇಂಟರ್ನೆಟ್ ಬೇಕಾಗಿರಲಿಲ್ಲ.

ಹಿರಿಯರು ಚಹಾ ಊದಿದರು. ಅದು ಆಗಲೇ ಆರಿತ್ತು.

ಹಿರಿಯರು: ಆತು. ಅದನ್ನ ನಿನ್ನ ಲೆಕ್ಕಕ್ಕ ಬರಕೋ. ಆದ್ರ ರಾತ್ರಿ ಕಡೀಕ ಏನು ನಡೀತು ಅದನ್ನೂ ಹೇಳು. ಡ್ರೈವರ್ ಕುಂತಿತು, ಕಾಮ್ 3 ಸಿಕ್ಕಿತು. ಆಮ್ಯಾಲ?

ಹುಡುಗ: ನಡು ನಡು ಕಡೀತಿತ್ತು. ಪ್ರೋಗ್ರಾಮ್ ಅರ್ಧಾ ಓದೂದು, ನಿಲ್ಲೂದು. ನಾ ಮತ್ತ ಡ್ರೈವರ್ ತಪ್ಪು ಅಂತ ಬದಲು ಮಾಡಾಕ ಹೊಂಟಿದ್ದೆ.

ಹಿರಿಯರು: ನಾ ಬಂದು ಏನು ಮಾಡಿದೆ?

ಹುಡುಗ: ಮೀಟರ್ ತಗದ್ರಿ. ಲ್ಯಾಪ್‌ಟಾಪಿನ ಲೋಹದ ಮೈಗೂ ಪ್ಯಾನೆಲ್ ಅರ್ಥಿಂಗಿಗೂ ಹಚ್ಚಿದ್ರಿ. ನೂರರ ಹತ್ತರ ವೋಲ್ಟ್ ತೋರಿಸಿತು.

ಹಿರಿಯರು: ಎರಡು ಪಿನ್ನಿನ ಚಾರ್ಜರ್. ಅರ್ಥಿಂಗ್ ಇಲ್ಲ ಅದಕ್ಕ. ಒಳಗಿಂದ ಸಣ್ಣಗ ಸೋರ್ತೈತಿ. ಕೈಗೆ ಜುಮ್ ಅಂತೈತಿ ಅಷ್ಟ, ಆದ್ರ ಕೇಬಲ್ಲಿನ ಅರ್ಥಿಂಗ್ ವೈರಿನ್ಯಾಗ ಹಾದು ಹೋಗೂದು ಅದ. ನಿನ್ನ ಎಂಟನೂರರ ಕೇಬಲ್ಲಿಗೆ ಒಳಗ ಐಸೋಲೇಶನ್ ಇಲ್ಲ. ಲ್ಯಾಪ್‌ಟಾಪ್, ಪಿಎಲ್‌ಸಿ ಎರಡೂ ಕೊಳ್ಳಿಗೆ ಕೊಳ್ಳ ಕಟ್ಟಿದಂಗ. ಬಾಜೂಕ ಸೆಂಟ್ರಿಫ್ಯುಗಲ್ ಡ್ರೈವ್ ಸ್ಪೀಡ್ ಏರಸೂ ಮುಂದ ಅದರ ಗದ್ದಲಾ ಎಲ್ಲಾ ಇಲ್ಲೇ. ಒಂದ ಸರ್ತಿ ಹಿಂಗ ಹಚ್ಚಿ ನನ್ನ ಕಣ್ಣ ಮುಂದ ಒಬ್ಬರ ಪೋರ್ಟ್ ಸುಟ್ಟೈತಿ. ಚಾರ್ಜರ್ ಕಿತ್ತೊಗಿ ಅಂದೆ. ಬಾಜೂ ಮಷಿನ್ ಸ್ಪೀಡ್ ಏರೂದು ಮುಗಿಯೂತನಕ ತಡಿ ಅಂದೆ. ಓದಿತು.

ಹುಡುಗ: ಓದಿತು. ಡ್ರೈವರ್ ತಪ್ಪಾಗಿರಲಿಲ್ಲ. ಅದು ನಿಮ್ಮ ಗೆಲುವು. ಆದ್ರ ಕಾಕಾ, ಮುಂದಿಂದೂ ಹೇಳ್ರಿ.

ಹಿರಿಯರು: ಮುಂದಿಂದು ಏನೈತಿ?

ಹುಡುಗ: ನೀವಂದ್ರಿ, ಓದೂದು ಯಾಕ, ನನ್ನ ಲ್ಯಾಪ್‌ಟಾಪಿನ್ಯಾಗ ಈ ಮಷಿನ್ನಿನ ಪ್ರೋಗ್ರಾಮ್ ಐತಿ, ಅದರಾಗ ಎಕ್ಸ್ 12 ತಿದ್ದಿ ನೆಟ್ಟಗ ತುಂಬೂಣು ಅಂತ. ನಾ ಒಲ್ಲೆ ಅಂದೆ. ಮೊದಲ ಮಷಿನ್ನಿನ್ಯಾಗಿಂದು ಮ್ಯಾಲ ತಗೊಂಡು ನಿಮ್ಮದರ ಜೋಡಿ ತಾಳೆ ನೋಡೂಣು ಅಂದೆ. ಏನು ಸಿಕ್ಕಿತು?

ಹಿರಿಯರು: ಟಿ 5.

ಹುಡುಗ: ಟಿ 5, ಟೈಮರ್. ನಿಮ್ಮ ಫೈಲಿನ್ಯಾಗ ಕೆ 350, ಅಂದ್ರ ಮೂವತ್ತೈದು ಸೆಕೆಂಡ್ ತಿರುಗೂದು. ಮಷಿನ್ನಿನ್ಯಾಗ ಕೆ 420. ಯಾರೋ ಏಳು ಸೆಕೆಂಡ್ ಹೆಚ್ಚು ಮಾಡ್ಯಾರ. ನಿಮ್ಮದನ್ನ ತುಂಬಿದ್ರ ಸಕ್ಕರಿ ಹಸೀ ಹಸೀ ಬೀಳತಿತ್ತು, ನಾವು ಮತ್ತ ಬೆಳತನಾ ಸೆನ್ಸರ್ ಹುಡುಕತಿದ್ವಿ.

ಹಿರಿಯರು ಜೇಬಿನಿಂದ ಒಂದು ಡೈರಿ ತೆಗೆದರು. ಸಹಕಾರಿ ಬ್ಯಾಂಕೊಂದು ಹಂಚಿದ ಹಳೆಯ ಡೈರಿ, ರಬ್ಬರ್ ಬ್ಯಾಂಡ್ ಸುತ್ತಿದ್ದು. ನಾನು ನಾಚಿಕೆ ಬಿಟ್ಟು ಬಗ್ಗಿ ನೋಡಿದೆ. ಸಂಕೇಶ್ವರದಲ್ಲಿ ಕಲಿತವರಂತೆ, ಅಕ್ಷರ ದುಂಡಗಿತ್ತು. ಒಂದು ಪುಟದಲ್ಲಿ ಹೀಗಿತ್ತು: 'ಸೆಂಟ್ರಿ 3 ನಂ. ಕೆಂಪ ಕೇಬಲ್, ಎಡಗಡೆ ತೂತ. ಕಾಮ್ 3. 9600. ಏಳು, ಈವನ್, ಒಂದು. ಚಾರ್ಜರ್ ತಗಿ. ಬಾಜೂ ಮಷಿನ್ ನೋಡು.' ಕೆಳಗೆ ಬೇರೆ ಶಾಯಿಯಲ್ಲಿ, 'ಬ್ಯಾಟರಿ ಬದ್ಲಿ ಮಾಡಿದ್ದು', ತಾರೀಖು. ಟಿ 5ರ ಸುದ್ದಿ ಎಲ್ಲಿಯೂ ಇರಲಿಲ್ಲ.

ಹಿರಿಯರು: ಎರಡು ವರ್ಷದ ಹಿಂದ ಪಾಕ ಭಾಳ ಜಿಗಟ ಬರ್ತಿತ್ತು. ಕೆಮಿಸ್ಟ್ ಬಂದು, ತುಸು ಹೆಚ್ಚು ತಿರಗಸ್ರಿ ಅಂದಂಗ ನೆನಪು. ನಾನ ಮಾಡೀನೋ, ಅಂವಂದ ಮಾತು ಕೇಳಿ ನಿನ್ನಂಥಾ ಯಾವ ಹುಡುಗ ಮಾಡ್ಯಾನೋ. ನಾನ ಇರಬೇಕು.

ಹುಡುಗ: ಬರಕೊಂಡಿಲ್ಲ.

ಹಿರಿಯರು: ಮಗಳ ಮದವಿ ಗದ್ದಲಾ ಇತ್ತು ಆ ತಿಂಗಳ.

ಹುಡುಗ: ಅದಕ್ಕ ನಾ ನಿಮ್ಮ ಎಕ್ಸ್‌ಪಿ ಲ್ಯಾಪ್‌ಟಾಪನ್ನ ಪೂರ್ತಾ ನನ್ನ ಲ್ಯಾಪ್‌ಟಾಪಿನ ಒಳಗ ಇಡತೀನಿ ಅಂತೀನಿ. ವರ್ಚುವಲ್ ಮಷಿನ್ ಅಂತಾರ. ನಿಮ್ಮ ಎಕ್ಸ್‌ಪಿ, ನಿಮ್ಮ ಸಾಫ್ಟ್‌ವೇರ್, ಆ 2008ರ ಡ್ರೈವರ್ ಎಲ್ಲಾ ಒಂದು ಫೈಲ್ ಆಗ್ತೈತಿ. ಹೊರಗ ಎಷ್ಟರೆ ಅಪ್‌ಡೇಟ್ ಆಗಲಿ, ಒಳಗ ಅದು 2008ರಾಗ ಕುಂತಿರ್ತೈತಿ. ನಾಲ್ಕು ಕಡೆ ಕಾಪಿ ಇಡಬಹುದು.

ಹಿರಿಯರು: ಹೊಟ್ಟಿಯಾಗ ಇನ್ನೊಂದು ಲ್ಯಾಪ್‌ಟಾಪ್. ಬಸರಿ ಮಾಡಿದಿ ಅದನ್ನ.

ಹುಡುಗ: ಅನ್ರಿ ಏನರೆ.

ಹಿರಿಯರು: ಒಯ್ಯಿ. ಡಿಸ್ಕ್ ಕೊಡ್ತೀನಿ. ಆದ್ರ ಲ್ಯಾಪ್‌ಟಾಪ್ ಕೊಡಂಗಿಲ್ಲ. ಒಂಬತ್ತು ಪಿನ್ನಿನ ಪೋರ್ಟ್ ನಿನ್ನ ಆ ಫೈಲಿನ್ಯಾಗ ಬರಂಗಿಲ್ಲ.

ಹುಡುಗ: ಬರಂಗಿಲ್ಲ. ಡೈರೀನೂ ಕೊಡ್ರಿ, ಫೋಟೋ ಹೊಡ್ಕೋತೀನಿ.

ಹಿರಿಯರು: ಓದಾಕ ಬರ್ತೈತೇನು ನಿನಗ?

ಹುಡುಗ: ಸಾಲಿ ಮರಾಠಿದು. ಮನ್ಯಾಗ ಕನ್ನಡ. ಓದ್ತೀನಿ, ನಿಧಾನ. ಒತ್ತಕ್ಷರ ಬಂದಾಗ ಅವ್ವಗ ಕೇಳ್ತೀನಿ.

ಹಿರಿಯರು: ನಿಮ್ಮವ್ವಗ ಪ್ಯಾರಿಟಿ ಅಂದ್ರ ಏನು ಗೊತ್ತಿರ್ತೈತಿ?

ಹುಡುಗ: ಆಕಿ ಅಕ್ಷರ ಹೇಳ್ತಾಳ, ಅರ್ಥ ನಾ ಮಾಡ್ಕೋತೀನಿ.

ಹುಡುಗ ಒಂದೊಂದೇ ಪುಟ ತಿರುವಿ ಫೋಟೋ ತೆಗೆಯತೊಡಗಿದ. ಹಿರಿಯರು ಟಾರ್ಚ್ ಹಿಡಿದರು. ಬೆಳಕು ಪ್ರತಿಫಲಿಸುತ್ತದೆ, ಓರೆಯಾಗಿ ಹಿಡಿಯಿರಿ ಎಂದು ಅವನು, ಇಷ್ಟು ವರ್ಷ ಟಾರ್ಚ್ ಹಿಡಿದಿದ್ದೇನೆ ಎಂದು ಇವರು. ಅಷ್ಟರಲ್ಲಿ ಗಾರಗೋಟಿ ಕಡೆಯಿಂದ ದೀಪ ಕಂಡಿತು, ಬಸ್ಸಲ್ಲ, ಇನ್ನೊಂದು ಟ್ರ್ಯಾಕ್ಟರು. ಹುಡುಗ ಕೊನೆಯ ಪುಟಕ್ಕೆ ಬಂದು, ಅವರ ಜೇಬಿನ ಪೆನ್ನನ್ನೇ ಎಳೆದುಕೊಂಡು, ಬ್ಯಾಟರಿಯ ಸಾಲಿನ ಕೆಳಗೆ ದೇವನಾಗರಿಯಲ್ಲಿ ಏನೋ ಬರೆದ.

ಹಿರಿಯರು: ಏನು ಬರದಿ?

ಹುಡುಗ: ಎಕ್ಸ್ 5 ಹೋಗಿ ಎಕ್ಸ್ 12. ಟಿ 5, ಕೆ 420. ಇವತ್ತಿನ ತಾರೀಖು.

ಹಿರಿಯರು: ಟಿ 5 ಯಾರು ಬದಲು ಮಾಡ್ಯಾರಂತ ಬರದಿ?

ಹುಡುಗ: ಅಲ್ಲೆ ಜಾಗಾ ಬಿಟ್ಟೀನಿ.